ಬೂದು ರಟ್ಟಿನ ಪುಸ್ತಕದ ಕಥೆ: ಹೊರದೇಶದಲ್ಲಿ ಗಾಡಿ ಓಡಿಸೋಕೆ ಐಡಿಪಿ ಬೇಕಾ?

ಇವತ್ತಿನ ಎಪಿಸೋಡ್ ಒಬ್ಬ 'ಕುಖ್ಯಾತ' ಡ್ರೈವರ್ ಕಥೆಯಿಂದ ಶುರು.

ಐರ್ಲೆಂಡ್ ಪೊಲೀಸರ ಕಂಪ್ಯೂಟರಿನಲ್ಲಿ ಒಂದು ಹೆಸರಿತ್ತು. ಪ್ರಾವೋ ಯಾಜ್ದಿ. ಈ ಆಸಾಮಿ ದೇಶದ ಉದ್ದಗಲಕ್ಕೂ ಸಂಚಾರ ನಿಯಮ ಮುರೀತಾ ಇದ್ದ. ಪ್ರತಿ ಸಲ ಸಿಕ್ಕಿಬಿದ್ದಾಗಲೂ ಬೇರೆ ವಿಳಾಸ, ಬೇರೆ ಹುಟ್ಟಿದ ತಾರೀಖು. ಹೀಗೆ ಐವತ್ತಕ್ಕೂ ಹೆಚ್ಚು ಎಂಟ್ರಿ ಆದವು. ಕೊನೆಗೆ 2007ರಲ್ಲಿ ಒಬ್ಬ ಅಧಿಕಾರಿಗೆ ಅನುಮಾನ ಬಂತು. ಡಿಕ್ಷನರಿ ತೆಗೆದು ನೋಡಿದ್ರೆ, 'ಪ್ರಾವೋ ಯಾಜ್ದಿ' ಅಂದ್ರೆ ಪೋಲಿಷ್ ಭಾಷೆಯಲ್ಲಿ 'ಡ್ರೈವಿಂಗ್ ಲೈಸೆನ್ಸ್'! ಪೋಲೆಂಡಿನಿಂದ ಬಂದವರ ಲೈಸೆನ್ಸ್ ಮೇಲೆ ಮೊದಲು ಕಂಡ ಪದವನ್ನೇ ಪೊಲೀಸರು ಹೆಸರು ಅಂತ ಬರ್ಕೊಂಡಿದ್ರು. 2009ರಲ್ಲಿ ಐರ್ಲೆಂಡ್ ಪೊಲೀಸರಿಗೆ ಸಾಹಿತ್ಯ ವಿಭಾಗದಲ್ಲಿ ಇಗ್ ನೊಬೆಲ್ ಬಹುಮಾನ ಬಂತು. ಅದೇ, ತಮಾಷೆಗೆ ಕೊಡೋ ನೊಬೆಲ್.

ನಗು ಬರುತ್ತೆ ನಿಜ. ಆದ್ರೆ ಒಂದು ನಿಮಿಷ ಆ ಪೊಲೀಸಿನವನ ಜಾಗದಲ್ಲಿ ನಿಂತು ಯೋಚಿಸಿ. ರಸ್ತೆ ಬದಿ, ಮಳೆ, ಕೈಯಲ್ಲೊಂದು ಕಾರ್ಡು, ಅದರ ಮೇಲೆ ಓದೋಕೆ ಬಾರದ ಭಾಷೆ. ಹೆಸರು ಯಾವುದು, ಊರು ಯಾವುದು, ಇವನಿಗೆ ಕಾರು ಓಡಿಸೋಕೆ ಅನುಮತಿ ಇದೆಯಾ ಅಥವಾ ಬೈಕ್ ಮಾತ್ರಾನಾ? ಗೊತ್ತಾಗೋದು ಹೇಗೆ? ಈ ಒಂದು ಸಮಸ್ಯೆಗೆ ಜಗತ್ತು ನೂರು ವರ್ಷಕ್ಕೂ ಹಿಂದೆ ಒಂದು ಉತ್ತರ ಕಂಡುಕೊಂಡಿತ್ತು. ಅದರ ಹೆಸರು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಚಿಕ್ಕದಾಗಿ ಐಡಿಪಿ.

ಈ ವಿಷಯ ಎತ್ಕೊಳ್ಳೋಕೆ ಕಾರಣ ಕೇಳುಗರೊಬ್ಬರ ಮೆಸೇಜು. ಗೆಳೆಯರ ಜೊತೆ ವಿಯೆಟ್ನಾಂಗೆ ಹೊರಟಿದ್ದಾರಂತೆ. ಉತ್ತರದ ಹಾ ಜಿಯಾಂಗ್ ಬೆಟ್ಟಗಳಲ್ಲಿ ಬೈಕ್ ಬಾಡಿಗೆಗೆ ತಗೊಂಡು ಸುತ್ತೋ ಪ್ಲಾನು. 'ಆರ್‌ಟಿಒನಲ್ಲಿ ಐಡಿಪಿ ಮಾಡಿಸ್ಕೊಂಡ್ರೆ ಸಾಕಲ್ವಾ?' ಅಂತ ಕೇಳಿದ್ರು. ಉತ್ತರ ಒಂದೇ ಪದದಲ್ಲಿ ಹೇಳಬಹುದು: ಸಾಲಲ್ಲ. ಆದ್ರೆ ಯಾಕೆ ಸಾಲಲ್ಲ ಅನ್ನೋದು 1968ರಲ್ಲಿ ವಿಯೆನ್ನಾದಲ್ಲಿ ನಡೆದ ಒಂದು ಸಹಿಯ ಕಥೆ. ಅದು ಅರ್ಥ ಆಗ್ಬೇಕಂದ್ರೆ ಇನ್ನೂ ಹಿಂದೆ, 1909ರ ಪ್ಯಾರಿಸ್‌ಗೆ ಹೋಗಬೇಕು.

ಕಾರು ಹುಟ್ಟಿದ ಕಾಲದಲ್ಲಿ ಲೈಸೆನ್ಸ್ ಅನ್ನೋದೇ ಒಂದು ವಿಚಿತ್ರ ಕಾಗದ. ಜರ್ಮನಿಯಲ್ಲಿ ಕಾರ್ಲ್ ಬೆಂಜ್ 1888ರಲ್ಲಿ ತನ್ನ ಗಾಡಿಯನ್ನ ರಸ್ತೆಗಿಳಿಸೋಕೆ ಅಲ್ಲಿನ ಸರ್ಕಾರದಿಂದ ಲಿಖಿತ ಅನುಮತಿ ಪಡೆದ. ಪ್ಯಾರಿಸ್ ಪೊಲೀಸರು 1893ರಲ್ಲೇ ಓಡಿಸೋನಿಗೆ ಸಾಮರ್ಥ್ಯದ ಸರ್ಟಿಫಿಕೇಟ್ ಕೇಳೋಕೆ ಶುರು ಮಾಡಿದ್ರು. ಬ್ರಿಟನ್ ಕಥೆಯೇ ಬೇರೆ. ಅಲ್ಲಿ 1903ರ ಮೋಟಾರ್ ಕಾರ್ ಕಾಯ್ದೆ ಬಂದು, 1904ರ ಜನವರಿಯಿಂದ ಲೈಸೆನ್ಸ್ ಕಡ್ಡಾಯ ಆಯ್ತು. ಐದು ಶಿಲ್ಲಿಂಗ್ ಕೊಟ್ರೆ ಲೈಸೆನ್ಸ್ ಕೈಗೆ. ಪರೀಕ್ಷೆ? ಇರಲೇ ಇಲ್ಲ. ಡ್ರೈವಿಂಗ್ ಟೆಸ್ಟ್ ಕಡ್ಡಾಯ ಆಗಿದ್ದು 1935ರ ಜೂನ್‌ನಲ್ಲಿ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಮೂವತ್ತು ವರ್ಷ ಬ್ರಿಟನ್ನಿನ ಲೈಸೆನ್ಸ್ ಅರ್ಹತೆಯ ಪ್ರಮಾಣಪತ್ರ ಆಗಿರಲಿಲ್ಲ, ದುಡ್ಡು ಕಟ್ಟಿದ ರಸೀದಿ ಆಗಿತ್ತು.

ಈಗ ಫ್ರಾನ್ಸ್ ಗಡಿಯಲ್ಲಿ ಕೂತ ಅಧಿಕಾರಿ ಏನು ಮಾಡಬೇಕು? ಒಬ್ಬ ಪರೀಕ್ಷೆ ಪಾಸಾಗಿ ಬರ್ತಾನೆ, ಇನ್ನೊಬ್ಬ ರಸೀದಿ ಹಿಡ್ಕೊಂಡು ಬರ್ತಾನೆ. ಯಾರನ್ನ ನಂಬೋದು? ಅದರ ಮೇಲೆ ಆಗಿನ ಕಾಲಕ್ಕೆ ಕಾರಲ್ಲಿ ದೇಶ ಸುತ್ತೋರು ಅಂದ್ರೆ ಭಾರೀ ಶ್ರೀಮಂತರು. ಗಡಿಗಡಿಯಲ್ಲೂ ನಿಲ್ಲಿಸಿದ್ರೆ ಅವರು ಸುಮ್ನಿರ್ತಾರಾ? ಮೋಟಾರ್ ಕ್ಲಬ್‌ಗಳು ಗಲಾಟೆ ಎಬ್ಬಿಸಿದವು.

ಹಾಗಾಗಿ 1909ರ ಅಕ್ಟೋಬರ್ 11ರಂದು ಪ್ಯಾರಿಸ್‌ನಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಮೋಟಾರು ವಾಹನಗಳ ಸಂಚಾರದ ಬಗ್ಗೆ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಅದು. ಅದರಿಂದ ಮೂರು ವಸ್ತು ಹುಟ್ಟಿದವು, ಮೂರೂ ಇವತ್ತಿಗೂ ನಮ್ಮ ಕಣ್ಣಮುಂದೆ ಇವೆ. ಒಂದು, ನಾಲ್ಕು ಎಚ್ಚರಿಕೆ ಫಲಕಗಳು: ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ರೈಲ್ವೆ ಕ್ರಾಸಿಂಗ್. ಅಕ್ಷರ ಬೇಡ, ಚಿತ್ರ ಸಾಕು ಅನ್ನೋ ಐಡಿಯಾ. ಎರಡು, ಗಾಡಿ ಹಿಂದೆ ದೇಶದ ಗುರುತಿನ ಅಕ್ಷರ. ಬ್ರಿಟನ್‌ಗೆ ಜಿಬಿ, ಫ್ರಾನ್ಸ್‌ಗೆ ಎಫ್. ಬ್ರಿಟಿಷ್ ಇಂಡಿಯಾದ ಗಾಡಿಗಳಿಗೆ ಆಮೇಲೆ ಬಿಐ ಅನ್ನೋ ಗುರುತು ಬಂತು, ಸ್ವಾತಂತ್ರ್ಯದ ನಂತರ ಅದು ಐಎನ್‌ಡಿ ಆಯ್ತು. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್‌ಗೆ ಅಂತ ಇಡೀ ಕರ್ನಾಟಕ ಓಡಾಡಿತಲ್ಲ, ಅದರ ಎಡಗಡೆ ನೀಲಿ ಬಣ್ಣದಲ್ಲಿ ಇರೋದೂ ಇದೇ ಮೂರಕ್ಷರ. ಇನ್ನು ಮೂರನೇದು, ಒಂದು ವರ್ಷ ಬಾಳೋ ಅಂತರರಾಷ್ಟ್ರೀಯ ಪಾಸು. ಗಾಡಿಗೂ ಡ್ರೈವರಿಗೂ ಸೇರಿ ಒಂದೇ ಕಾಗದ. ಐಡಿಪಿಯ ಮುತ್ತಜ್ಜ ಅಂದ್ರೆ ಇದೇ.

ಆದ್ರೆ ಗಾಡಿಗೂ ಮನುಷ್ಯನಿಗೂ ಒಂದೇ ಕಾಗದ ಅನ್ನೋದು ಬಹಳ ದಿನ ನಡೀಲಿಲ್ಲ. ಗಾಡಿ ಮಾರಿದ್ರೆ? ಬಾಡಿಗೆಗೆ ತಗೊಂಡ್ರೆ? ಮೊದಲ ಮಹಾಯುದ್ಧ ಮುಗಿದು ಕಾರುಗಳು ಸಾಮಾನ್ಯ ಆದ ಮೇಲೆ, 1926ರ ಏಪ್ರಿಲ್ 24ರಂದು ಮತ್ತೆ ಪ್ಯಾರಿಸ್‌ನಲ್ಲೇ ಇನ್ನೊಂದು ಒಪ್ಪಂದ ಆಯ್ತು. ಗಾಡಿಗೆ ಬೇರೆ ಸರ್ಟಿಫಿಕೇಟ್, ಡ್ರೈವರಿಗೆ ಬೇರೆ ಪರ್ಮಿಟ್. ನಾವು ಇವತ್ತು ಐಡಿಪಿ ಅಂತ ಕರೆಯೋದು ಸ್ವಂತ ಕಾಲ ಮೇಲೆ ನಿಂತಿದ್ದು ಆಗ.

ಎರಡನೇ ಮಹಾಯುದ್ಧ ಮುಗಿದು ವಿಶ್ವಸಂಸ್ಥೆ ಬಂತು. 1949ರ ಸೆಪ್ಟೆಂಬರ್ 19ರಂದು ಜಿನೀವಾದಲ್ಲಿ ರಸ್ತೆ ಸಂಚಾರ ಒಪ್ಪಂದ ಸಿದ್ಧ ಆಯ್ತು. ನಮಗೆ ಸಂಬಂಧಪಟ್ಟಿದ್ದು ಇದೇ. ಭಾರತ ಅದೇ ವರ್ಷ ಸಹಿ ಹಾಕ್ತು, 1962ರಲ್ಲಿ ಅನುಮೋದನೆ ಕೊಡ್ತು. ಇವತ್ತು ನಮ್ಮ ಆರ್‌ಟಿಒ ಕೊಡೋ ಐಡಿಪಿಯ ಬೇರು ಇಲ್ಲಿದೆ. ಪುಸ್ತಕ ಹೇಗಿರಬೇಕು ಅಂತಾನೂ ಒಪ್ಪಂದದ ಅನುಬಂಧದಲ್ಲಿ ಬರೆದಿದ್ದಾರೆ. ಬೂದು ಬಣ್ಣದ ರಟ್ಟು, ಒಳಗೆ ಬಿಳಿ ಹಾಳೆ, ಕೊನೆಯ ಪುಟ ಫ್ರೆಂಚ್‌ನಲ್ಲಿ. ವಾಹನಗಳಿಗೆ ಎ, ಬಿ, ಸಿ, ಡಿ, ಇ ಅಂತ ಐದು ವರ್ಗ. ಎ ಅಂದ್ರೆ ಮೋಟಾರ್ ಸೈಕಲ್, ಬಿ ಅಂದ್ರೆ ಕಾರು. ಯಾವ ದೇಶದ ಪೊಲೀಸ್ ಬೇಕಾದ್ರೂ ಪುಸ್ತಕ ತೆರೆದು ಎ ಎದುರು ಮುದ್ರೆ ಇದೆಯಾ ಇಲ್ವಾ ಅಂತ ನೋಡಿದ್ರೆ ಸಾಕು. ಪ್ರಾವೋ ಯಾಜ್ದಿ ಆಗೋ ಚಾನ್ಸೇ ಇಲ್ಲ.

ಈಗ ಸ್ವಲ್ಪ ಗಮನ ಇಟ್ಟು ಕೇಳಿ, ಯಾಕಂದ್ರೆ ಎಲ್ಲ ಗೊಂದಲದ ಮೂಲ ಇಲ್ಲಿದೆ. 1949ರ ಒಪ್ಪಂದದ 24ನೇ ವಿಧಿಯಲ್ಲಿ ಎರಡು ಮಾತಿದೆ. ಮೊದಲನೇದು: ಸದಸ್ಯ ದೇಶದಲ್ಲಿ ಸಾಮರ್ಥ್ಯ ತೋರಿಸಿ ಲೈಸೆನ್ಸ್ ಪಡೆದವನಿಗೆ ಇನ್ನೊಂದು ಸದಸ್ಯ ದೇಶ ಮತ್ತೆ ಪರೀಕ್ಷೆ ಮಾಡದೆ ಓಡಿಸೋಕೆ ಬಿಡಬೇಕು. ಎರಡನೇದು: ಆದರೂ ಆ ದೇಶ ಬೇಕಿದ್ರೆ ಐಡಿಪಿ ಕೇಳಬಹುದು, ಅದರಲ್ಲೂ ಬಂದವನ ಲೈಸೆನ್ಸ್ ಒಪ್ಪಂದದ ನಮೂನೆಗೆ ಹೊಂದದೇ ಇದ್ದಾಗ. ಒಂದು ಕಡೆ 'ಬಿಡಬೇಕು', ಇನ್ನೊಂದು ಕಡೆ 'ಕೇಳಬಹುದು'. ಕಾಂಟ್ರಾಕ್ಟ್ ಓದಿದವರಿಗೆ ಗೊತ್ತು, ಇವೆರಡು ಪದಗಳ ನಡುವೆ ಎಷ್ಟು ಜಾಗ ಇದೆ ಅಂತ. ಆ ಜಾಗದಲ್ಲಿ ಪ್ರತಿ ದೇಶವೂ ತನಗೆ ಬೇಕಾದ ಹಾಗೆ ಕೂತಿದೆ.

ಹಾಗಾಗಿಯೇ 'ಐಡಿಪಿ ಕಡ್ಡಾಯನಾ?' ಅಂತ ಗೂಗಲ್ ಮಾಡಿದ್ರೆ ಒಬ್ಬ ಹೌದು ಅಂತಾನೆ, ಒಬ್ಬ ಇಲ್ಲ ಅಂತಾನೆ. ಇಬ್ಬರೂ ನಿಜ ಹೇಳ್ತಿರ್ತಾರೆ, ಆದ್ರೆ ಬೇರೆ ಬೇರೆ ದೇಶದ ಬಗ್ಗೆ.

ಇದಕ್ಕೆ ಒಂದು ಒಳ್ಳೆ ಉದಾಹರಣೆ ಅಮೆರಿಕದ ಫ್ಲೋರಿಡಾ. 2013ರ ಜನವರಿ 1ರಿಂದ ಆ ರಾಜ್ಯ ಒಂದು ನಿಯಮ ತಂತು: ಹೊರದೇಶದಿಂದ ಬಂದವರು ತಮ್ಮ ಲೈಸೆನ್ಸ್ ಜೊತೆ ಐಡಿಪಿಯನ್ನೂ ಇಟ್ಕೊಂಡಿರಬೇಕು. ಓದೋಕಾಗದ ಭಾಷೆಯ ಲೈಸೆನ್ಸ್‌ಗಳಿಂದ ಪೊಲೀಸರಿಗೆ ತೊಂದರೆ ಅನ್ನೋದು ಉದ್ದೇಶ. ಆದ್ರೆ ಚಳಿಗಾಲದಲ್ಲಿ ಫ್ಲೋರಿಡಾಗೆ ದಂಡುಗಟ್ಟಿ ಬರೋದು ಯಾರು? ಕೆನಡಾದವರು. ಅವರಲ್ಲಿ ಹೆಚ್ಚಿನವರ ಲೈಸೆನ್ಸ್ ಇರೋದೇ ಇಂಗ್ಲಿಷ್‌ನಲ್ಲಿ! ಕೆನಡಾದ ಆಟೋಮೊಬೈಲ್ ಕ್ಲಬ್‌ಗಳ ಮುಂದೆ ಜನ ಮುಗಿಬಿದ್ರು. ಅಷ್ಟರಲ್ಲಿ ಈ ನಿಯಮ 1949ರ ಜಿನೀವಾ ಒಪ್ಪಂದಕ್ಕೇ ವಿರುದ್ಧ ಆಗಬಹುದು ಅಂತ ರಾಜ್ಯದ ಅಧಿಕಾರಿಗಳಿಗೇ ಅನ್ನಿಸ್ತು. ಹೈವೇ ಪೊಲೀಸರು ಜಾರಿ ಮಾಡೋದನ್ನ ನಿಲ್ಲಿಸಿದ್ರು. ಏಪ್ರಿಲ್‌ನಲ್ಲಿ ಕಾನೂನನ್ನೇ ಬದಲಾಯಿಸಿದ್ರು. ಅರವತ್ತು ವರ್ಷ ಹಳೇ ಕಾಗದ ಒಂದು ರಾಜ್ಯದ ಹೊಸ ಕಾನೂನನ್ನ ನಾಲ್ಕೇ ತಿಂಗಳಲ್ಲಿ ಮಣಿಸಿತು.

ಸರಿ, ಈಗ ವಿಯೆನ್ನಾಗೆ ಬರೋಣ. 1968ರ ನವೆಂಬರ್ 8ರಂದು ಅಲ್ಲಿ ಹೊಸ ರಸ್ತೆ ಸಂಚಾರ ಒಪ್ಪಂದ ಆಯ್ತು, 1977ರಲ್ಲಿ ಜಾರಿಗೆ ಬಂತು. ಐಡಿಪಿಯ ರೂಪ ಬದಲಾಯ್ತು, ಗರಿಷ್ಠ ಅವಧಿ ಮೂರು ವರ್ಷ ಆಯ್ತು. ಹಳೆಯದು ಹೋಗಿ ಹೊಸದು ಬಂದಿದ್ರೆ ತಲೆನೋವೇ ಇರ್ತಿರಲಿಲ್ಲ. ಆದ್ರೆ ಕೆಲವು ದೇಶ ಹೊಸದಕ್ಕೆ ಸೇರಿದವು, ಕೆಲವು ಹಳೆಯದರಲ್ಲೇ ಉಳಿದವು, ಕೆಲವು ಎರಡರಲ್ಲೂ ಇವೆ. ಭಾರತ 1968ರ ರಸ್ತೆ ಸಂಚಾರ ಒಪ್ಪಂದಕ್ಕೆ ಸೇರಿಲ್ಲ. ಅಮೆರಿಕವೂ ಸೇರಿಲ್ಲ, ಜಪಾನ್ ಕೂಡ ಇಲ್ಲ.

ಬ್ರಿಟನ್ ಕಥೆ ಇನ್ನೂ ಮಜವಾಗಿದೆ. 1968ರಲ್ಲೇ ಸಹಿ ಹಾಕಿ, ಫೈಲನ್ನ ಕಪಾಟಿನಲ್ಲಿ ಇಟ್ಟುಬಿಡ್ತು. ಯುರೋಪಿಯನ್ ಒಕ್ಕೂಟದಲ್ಲಿ ಇದ್ದಷ್ಟು ದಿನ ಅದರ ಅವಶ್ಯಕತೆಯೇ ಬರಲಿಲ್ಲ. ಬ್ರೆಕ್ಸಿಟ್ ಅಂತ ಆದಾಗ ಎಚ್ಚರ ಆಯ್ತು: ನಾಳೆ ನಮ್ಮ ಜನ ಯುರೋಪಿನಲ್ಲಿ ಯಾವ ಕಾಗದ ತೋರಿಸಿ ಗಾಡಿ ಓಡಿಸ್ತಾರೆ? ಐವತ್ತು ವರ್ಷದ ನಂತರ, 2018ರಲ್ಲಿ ಅನುಮೋದನೆ ಕೊಟ್ರು. ಅದು ಜಾರಿಗೆ ಬಂದಿದ್ದು 2019ರ ಮಾರ್ಚ್ 28ಕ್ಕೆ. ಬ್ರೆಕ್ಸಿಟ್‌ಗೆ ಆಗ ನಿಗದಿಯಾಗಿದ್ದ ದಿನ ಮಾರ್ಚ್ 29. ಒಂದೇ ಒಂದು ದಿನ ಮುಂಚೆ!

ಈಗ ನಮ್ಮ ಕೇಳುಗರ ಪ್ರಶ್ನೆಗೆ ಬರೋಣ. ವಿಯೆಟ್ನಾಂ 1968ರ ಒಪ್ಪಂದದ ದೇಶ. ಆ ಒಪ್ಪಂದದ ದೇಶಗಳು ಕೊಟ್ಟ ಐಡಿಪಿಯನ್ನ ಮಾತ್ರ ಅದು ಒಪ್ಪುತ್ತೆ. ನಮ್ಮದು 1949ರ ಕುಟುಂಬದ್ದು. ಪುಸ್ತಕ ಅಸಲಿ, ಮುದ್ರೆ ಅಸಲಿ, ಆದ್ರೂ ಅಲ್ಲಿ ನಡೆಯಲ್ಲ. ಬೈಕ್ ಬಾಡಿಗೆ ಕೊಡೋ ಅಂಗಡಿಯವನು ಏನೂ ಕೇಳದೆ ಕೀ ಕೊಡಬಹುದು. ಅವನು ಕೀ ಕೊಟ್ಟ ಅಂದ ಮಾತ್ರಕ್ಕೆ ಅದು ಕಾನೂನು ಆಗಲ್ಲ.

ದಂಡ ದೊಡ್ಡ ವಿಷಯ ಅಲ್ಲ. ದೊಡ್ಡ ವಿಷಯ ಇನ್ಶೂರೆನ್ಸ್. ಬಿಕಾಂನಲ್ಲಿ ಇನ್ಶೂರೆನ್ಸ್ ಪೇಪರ್ ಬರೆದವರಿಗೆ ಎಕ್ಸ್‌ಕ್ಲೂಷನ್ ಅನ್ನೋ ಪದ ನೆನಪಿರುತ್ತೆ. ಆ ದೇಶದಲ್ಲಿ ಮಾನ್ಯವಾದ ಲೈಸೆನ್ಸ್ ಇಲ್ಲದೆ ಓಡಿಸಿ ಅಪಘಾತ ಆದ್ರೆ, ಟ್ರಾವೆಲ್ ಪಾಲಿಸಿಗಳು ಸಾಮಾನ್ಯವಾಗಿ ಕೈ ಎತ್ತುತ್ತವೆ. ಬೆಟ್ಟದ ತಿರುವಲ್ಲಿ ಜಾರಿ ಕಾಲು ಮುರೀತು ಅಂದ್ಕೊಳ್ಳಿ. ಆಪರೇಷನ್, ಆಸ್ಪತ್ರೆ, ಊರಿಗೆ ಕರ್ಕೊಂಡು ಬರೋ ಖರ್ಚು, ಎಲ್ಲ ಮನೆಯವರ ತಲೆ ಮೇಲೆ. ಇನ್ನು ಎದುರಿನವನಿಗೆ ಏಟಾದ್ರೆ? ಒಂದು ಟ್ರಿಪ್ಪಿನ ಖುಷಿಗೆ ಅಪ್ಪ ಅಮ್ಮನ ಉಳಿತಾಯ ಅಡ ಇಡೋದು ಬೇಡ. ಹಾ ಜಿಯಾಂಗ್ ನೋಡಲೇಬೇಕು ಅಂದ್ರೆ ಅಲ್ಲಿನ ಲೈಸೆನ್ಸ್ ಇರೋ ಸವಾರರ ಹಿಂದೆ ಕೂತು ಹೋಗೋ ವ್ಯವಸ್ಥೆ ಇದೆ. ಹಿಂದೆ ಕೂತವನಿಗೆ ಬೆಟ್ಟ ಇನ್ನೂ ಚೆನ್ನಾಗಿ ಕಾಣುತ್ತೆ, ನಂಬಿ.

ಬೇರೆ ದೇಶಗಳದ್ದು ಏನು? ಜಪಾನ್‌ನಲ್ಲಿ ಲೆಕ್ಕ ಉಲ್ಟಾ. ಜಪಾನ್ 1949ರ ಪುಸ್ತಕವನ್ನ ಮಾತ್ರ ಒಪ್ಪುತ್ತೆ. ಜರ್ಮನಿ, ಸ್ವಿಟ್ಜರ್ಲೆಂಡ್‌ನವರ ಐಡಿಪಿ ಅಲ್ಲಿ ನಡೆಯಲ್ಲ, ಅವರು ಲೈಸೆನ್ಸ್‌ಗೆ ಜಪಾನಿ ಅನುವಾದ ಮಾಡಿಸಬೇಕು. ನಮ್ಮ ಆರ್‌ಟಿಒ ಪುಸ್ತಕ ಮಾತ್ರ ಅಲ್ಲಿ ಸಲೀಸಾಗಿ ನಡೆಯುತ್ತೆ. ಥಾಯ್ಲೆಂಡ್ ಕೂಡ 1949ರ ಸದಸ್ಯ, ಅಲ್ಲಿ ಐಡಿಪಿ ಇಟ್ಕೊಳ್ಳಿ. ಚೀನಾದ ಮುಖ್ಯ ನೆಲದಲ್ಲಿ ಯಾವ ಐಡಿಪಿಯೂ ನಡೆಯಲ್ಲ, ಆದ್ರೆ ಹಾಂಗ್‌ಕಾಂಗ್‌ನಲ್ಲಿ ನಡೆಯುತ್ತೆ. ಬ್ರಿಟನ್‌ನಲ್ಲಿ ನಮ್ಮ ಲೈಸೆನ್ಸ್ ಮೇಲೆ ಹನ್ನೆರಡು ತಿಂಗಳವರೆಗೆ ಕಾರು ಓಡಿಸಬಹುದು, ಐಡಿಪಿ ಕಡ್ಡಾಯ ಅಲ್ಲ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಕ್ಯಾಲಿಫೋರ್ನಿಯಾ ಪ್ರವಾಸಿಗಳಿಂದ ಐಡಿಪಿ ಕೇಳಲ್ಲ, ಊರಿನ ಲೈಸೆನ್ಸ್ ಸಾಕು. ಆದ್ರೂ ಬಾಡಿಗೆ ಕಾರಿನ ಕಂಪನಿ ಐಡಿಪಿ ಕೇಳಬಹುದು. ಅದು ಸರ್ಕಾರದ ಕಾನೂನಲ್ಲ, ಅವರ ಕಾಂಟ್ರಾಕ್ಟ್ ಷರತ್ತು. ಬುಕ್ ಮಾಡೋ ಮುಂಚೆ ಷರತ್ತು ಓದಿ.

ಇನ್ನೊಂದು ಮುಖ್ಯವಾದ ಗೆರೆ ಇದೆ: ಪ್ರವಾಸಿ ಬೇರೆ, ನಿವಾಸಿ ಬೇರೆ. ಕೆಲಸಕ್ಕೋ ಓದೋಕೋ ಹೋಗಿ ನೆಲೆಸಿದ್ರೆ ಐಡಿಪಿಯ ಕೆಲಸ ಮುಗೀತು. ಕ್ಯಾಲಿಫೋರ್ನಿಯಾದಲ್ಲಿ ನಿವಾಸಿ ಆದ ಹತ್ತು ದಿನದೊಳಗೆ ಅಲ್ಲಿನ ಲೈಸೆನ್ಸ್‌ಗೆ ಅರ್ಜಿ ಹಾಕಬೇಕು. ಜರ್ಮನಿಯಲ್ಲಿ ಆರು ತಿಂಗಳ ಗಡುವು. ದುಬೈಗೆ ಕೆಲಸಕ್ಕೆ ಹೋಗೋ ನಮ್ಮ ಕರಾವಳಿಯ ಹುಡುಗರಿಗೆ ಇದು ಚೆನ್ನಾಗಿ ಗೊತ್ತು: ರೆಸಿಡೆನ್ಸ್ ವೀಸಾ ಸಿಕ್ಕಿದ ಮೇಲೆ ಅಲ್ಲಿನ ಲೈಸೆನ್ಸ್ ತೆಗೆದ್ರೇನೇ ಸ್ಟೀರಿಂಗ್ ಮುಟ್ಟಬಹುದು. ಊರಲ್ಲಿ ಹತ್ತು ವರ್ಷ ಓಡಿಸಿದ ಅನುಭವ ಇದ್ರೂ ಅಷ್ಟೇ.

ಇನ್ನು ನಮ್ಮ ಮನೆ ಕಥೆ. ಭಾರತದಲ್ಲಿ ಐಡಿಪಿ ಕೊಡೋದಕ್ಕೆ 1988ರ ಮೋಟಾರು ವಾಹನ ಕಾಯ್ದೆ, 1989ರ ನಿಯಮಗಳ ಆಧಾರ ಇದೆ. ವಿಚಿತ್ರ ಅಂದ್ರೆ, ಪುಸ್ತಕದ ರೂಪ ಹೀಗೇ ಇರಬೇಕು ಅಂತ 1949ರಲ್ಲೇ ತೀರ್ಮಾನ ಆಗಿದ್ರೂ, ನಮ್ಮಲ್ಲಿ ರಾಜ್ಯಕ್ಕೊಂದು ಸೈಜು, ರಾಜ್ಯಕ್ಕೊಂದು ಬಣ್ಣ ಇತ್ತು. ಹೊರದೇಶದ ಪೊಲೀಸರಿಗೆ ಇದು ಅಸಲಿನಾ ನಕಲಿನಾ ಅಂತ ಅನುಮಾನ. ಜನರಿಗೆ ತೊಂದರೆ ಆಗ್ತಿದೆ ಅಂತ ಕೇಂದ್ರ ಸಾರಿಗೆ ಸಚಿವಾಲಯವೇ ಒಪ್ಪಿಕೊಂಡು, 2022ರ ಆಗಸ್ಟ್ 26ರಂದು ಅಧಿಸೂಚನೆ ಹೊರಡಿಸ್ತು. ಇಡೀ ದೇಶಕ್ಕೆ ಒಂದೇ ನಮೂನೆ, ಲೈಸೆನ್ಸ್‌ಗೆ ಕೊಂಡಿ ಇರೋ ಕ್ಯೂಆರ್ ಕೋಡ್, ವಾಹನ ವರ್ಗಗಳ ಹೋಲಿಕೆಯ ಪಟ್ಟಿ. ಅದಕ್ಕೂ ಮುಂಚೆ 2021ರ ಜನವರಿಯಲ್ಲಿ, ಹೊರದೇಶದಲ್ಲಿ ಇರುವಾಗಲೇ ಐಡಿಪಿ ಅವಧಿ ಮುಗಿದ್ರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿ ಮೂಲಕ ಅರ್ಜಿ ಹಾಕೋ ದಾರಿ ಮಾಡಿದ್ರು. ವೈದ್ಯರ ಸರ್ಟಿಫಿಕೇಟ್, ಮೊದಲೇ ವೀಸಾ ಇರಬೇಕು ಅನ್ನೋ ಷರತ್ತುಗಳನ್ನೂ ತೆಗೆದ್ರು, ಯಾಕಂದ್ರೆ ಎಷ್ಟೋ ದೇಶ ವೀಸಾ ಕೊಡೋದೇ ಇಳಿದ ಮೇಲೆ.

ಮಾಡಿಸೋದು ಹೇಗೆ? ಫಾರಂ 4ಎ, ಚಾಲ್ತಿಯಲ್ಲಿರೋ ಲೈಸೆನ್ಸ್, ಪಾಸ್‌ಪೋರ್ಟ್, ನಿಯಮದಲ್ಲಿ ಹೇಳಿರೋ 1,000 ರೂಪಾಯಿ ಶುಲ್ಕ. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಶುರು ಮಾಡಬಹುದು. ಅವಧಿ ಒಂದು ವರ್ಷ, ಅದಕ್ಕೂ ಮುಂಚೆ ಲೈಸೆನ್ಸ್ ಮುಗಿದ್ರೆ ಐಡಿಪಿಯೂ ಮುಗೀತು. ಮನೆ ಬಿಡೋ ಮುಂಚೆ ಎರಡು ವಿಷಯ ನೋಡ್ಕೊಳ್ಳಿ. ನಿಮ್ಮ ಲೈಸೆನ್ಸ್‌ನಲ್ಲಿ ಕಾರು ಮಾತ್ರ ಇದ್ರೆ ಐಡಿಪಿಯಲ್ಲಿ ಬೈಕ್‌ನ ಮುದ್ರೆ ಬೀಳಲ್ಲ. ಅಂಥ ಪುಸ್ತಕ ಹಿಡ್ಕೊಂಡು ಫುಕೆಟ್‌ನಲ್ಲಿ ಸ್ಕೂಟರ್ ಓಡಿಸಿದ್ರೆ ಲೈಸೆನ್ಸ್ ಇಲ್ಲದವನಷ್ಟೇ ನೀವು. ಎರಡನೇದು, ಐಡಿಪಿ ಒಂಟಿಯಾಗಿ ಕೆಲಸ ಮಾಡಲ್ಲ. ಮೂಲ ಲೈಸೆನ್ಸ್ ಜೊತೆಗಿರಲೇಬೇಕು. ಅದು ಲೈಸೆನ್ಸ್‌ನ ಅನುವಾದ, ಲೈಸೆನ್ಸ್ ಅಲ್ಲ.

ಈ ಮಾತು ಗೊತ್ತಿಲ್ಲದವರನ್ನೇ ಹುಡುಕ್ತಾ ಇರೋ ವೆಬ್‌ಸೈಟ್‌ಗಳಿವೆ. 'ಇಂಟರ್‌ನ್ಯಾಷನಲ್ ಡ್ರೈವರ್ ಲೈಸೆನ್ಸ್, ಹತ್ತು ವರ್ಷ ವ್ಯಾಲಿಡಿಟಿ, ಟೆಸ್ಟ್ ಇಲ್ಲ, ಮನೆಗೇ ಡೆಲಿವರಿ' ಅಂತ ಜಾಹೀರಾತು ಬರುತ್ತೆ. ಚಂದದ ಕಾರ್ಡು, ಹೊಳೆಯೋ ಹೊಲೊಗ್ರಾಮು. ಆದ್ರೆ ಇಷ್ಟೊತ್ತು ಕಥೆ ಕೇಳಿದ ನಿಮಗೆ ಸುಳ್ಳು ತಕ್ಷಣ ಸಿಗಬೇಕು. ಜಿನೀವಾ ಪುಸ್ತಕಕ್ಕೆ ಒಂದು ವರ್ಷ, ವಿಯೆನ್ನಾ ಪುಸ್ತಕಕ್ಕೆ ಹೆಚ್ಚು ಅಂದ್ರೆ ಮೂರು ವರ್ಷ. ಹತ್ತು ವರ್ಷದ ಐಡಿಪಿ ಯಾವ ಒಪ್ಪಂದದಲ್ಲೂ ಇಲ್ಲ. ಕೊಡೋ ಅಧಿಕಾರ ಇರೋದು ನಿಮಗೆ ಲೈಸೆನ್ಸ್ ಕೊಟ್ಟ ದೇಶದ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ.

ಹಾಗಾದ್ರೆ ಕೊನೆಗೆ, ಐಡಿಪಿ ಬೇಕಾ ಬೇಡ್ವಾ? ಮೂರು ಪ್ರಶ್ನೆ ಕೇಳ್ಕೊಳ್ಳಿ. ಹೋಗ್ತಿರೋ ದೇಶ ಯಾವ ಒಪ್ಪಂದದಲ್ಲಿದೆ? ನಾನು ಅಲ್ಲಿ ಪ್ರವಾಸಿನಾ, ನಿವಾಸಿನಾ? ನಾನು ಓಡಿಸೋ ಗಾಡಿಯ ವರ್ಗ ನನ್ನ ಲೈಸೆನ್ಸ್‌ನಲ್ಲಿದೆಯಾ? ಉತ್ತರ ಆ ದೇಶದ ಸರ್ಕಾರಿ ವೆಬ್‌ಸೈಟ್ ಅಥವಾ ರಾಯಭಾರ ಕಚೇರಿಯಿಂದಲೇ ಬರಲಿ, ರೀಲ್ಸ್‌ನಿಂದ ಬೇಡ. ವಿಯೆಟ್ನಾಂ ಹೊರಟ ಗೆಳೆಯರೇ, ಬೈಕ್ ಬುಕಿಂಗ್ ಕ್ಯಾನ್ಸಲ್ ಮಾಡಿ, ಹಿಂದಿನ ಸೀಟು ಬುಕ್ ಮಾಡಿ. ಹೋಗಿ ಬಂದ ಮೇಲೆ ಫೋಟೋ ಕಳಿಸಿ.

ಈ ಎಪಿಸೋಡನ್ನ, ಮುಂದಿನ ತಿಂಗಳು ಟಿಕೆಟ್ ಬುಕ್ ಮಾಡಿರೋ ನಿಮ್ಮ ಸ್ನೇಹಿತರಿಗೆ ಫಾರ್ವರ್ಡ್ ಮಾಡಿ. ಮುಂದಿನ ವಾರ ಸಿಗೋಣ. ಹೆಲ್ಮೆಟ್ ಹಾಕ್ಕೊಳ್ಳಿ, ಅದಕ್ಕೆ ಯಾವ ಒಪ್ಪಂದದ ಸಹಿಯೂ ಬೇಕಿಲ್ಲ.